ಲಾರಿ ಅಪಘಾತ ಪರಿಹಾರ

ಲಾರಿ ಅಪಘಾತ ಪರಿಹಾರ ಎಂದರೆ ಲಾರಿ, ಟಿಪ್ಪರ್, ಟ್ಯಾಂಕರ್, ಕಂಟೇನರ್ ಮೊದಲಾದ ಸರಕು ಸಾಗಣೆ ವಾಹನಗಳಿಂದ ಸಂಭವಿಸಿದ ಅಪಘಾತದಲ್ಲಿ ಗಾಯಗೊಂಡವರಿಗೆ ಅಥವಾ ಮೃತಪಟ್ಟವರ ಅವಲಂಬಿತರಿಗೆ ಕಾನೂನಿನ ಮೂಲಕ ದೊರೆಯುವ ಹಣ. ಭಾರತದಲ್ಲಿ ಇದನ್ನು ಮುಖ್ಯವಾಗಿ 1988ರ ಮೋಟಾರು ವಾಹನಗಳ ಕಾಯ್ದೆಯು ನಿಯಂತ್ರಿಸುತ್ತದೆ. ಪರಿಹಾರದ ಅರ್ಜಿಗಳನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ವಿಚಾರಣೆ ನಡೆಸುತ್ತವೆ. ಬೆಂಗಳೂರು ನಗರದಲ್ಲಿ ಈ ಕಾರ್ಯವನ್ನು ಲಘು ವ್ಯಾಜ್ಯಗಳ ನ್ಯಾಯಾಲಯದ ನ್ಯಾಯಾಧೀಶರು ನಿರ್ವಹಿಸುತ್ತಾರೆ. ಇಂತಹ ಅರ್ಜಿಗಳು ಎಂ.ವಿ.ಸಿ. ಎಂಬ ಸಂಕ್ಷಿಪ್ತ ಹೆಸರಿನಿಂದ ನೋಂದಣಿಯಾಗುತ್ತವೆ.

ಕಾನೂನಿನ ದೃಷ್ಟಿಯಲ್ಲಿ ಲಾರಿ ಅಪಘಾತಕ್ಕೂ ಕಾರು ಅಥವಾ ಬಸ್ಸಿನ ಅಪಘಾತಕ್ಕೂ ಮೂಲ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಆದರೆ ಪರವಾನಗಿ, ಅರ್ಹತಾ ಪತ್ರ, ಭಾರದ ಮಿತಿ, ಚಾಲನಾ ಪರವಾನಗಿಯ ವರ್ಗ ಮತ್ತು ವಾಹನದಲ್ಲಿ ಕುಳಿತಿದ್ದವರು ಯಾರು ಎಂಬ ಪ್ರಶ್ನೆಗಳು ಲಾರಿ ಪ್ರಕರಣಗಳಲ್ಲಿ ಹೆಚ್ಚು ಏಳುವುದರಿಂದ ವಿಮಾ ಕಂಪನಿಗಳ ಆಕ್ಷೇಪಗಳೂ ಇಲ್ಲಿಯೇ ಹೆಚ್ಚು.

ಹಿನ್ನೆಲೆ

ಮೊದಲು ಅಪಘಾತದಲ್ಲಿ ಸತ್ತವರ ಕುಟುಂಬಗಳು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯ ಅಡಿಯಲ್ಲಿ ಸಿವಿಲ್ ದಾವೆ ಹೂಡಬೇಕಾಗಿತ್ತು. 1939ರ ಮೋಟಾರು ವಾಹನಗಳ ಕಾಯ್ದೆಗೆ 1956ರಲ್ಲಿ ಮಾಡಿದ ತಿದ್ದುಪಡಿಯು ಪ್ರತ್ಯೇಕ ನ್ಯಾಯಮಂಡಳಿಗಳ ಸ್ಥಾಪನೆಗೆ ಅವಕಾಶ ನೀಡಿತು. ಲಾರಿಯೊಂದಕ್ಕೆ ಸಂಬಂಧಿಸಿದ ಮಿನು ಮೆಹ್ತಾ ಪ್ರಕರಣದಲ್ಲಿ (1977) ಸರ್ವೋಚ್ಚ ನ್ಯಾಯಾಲಯವು, ಚಾಲಕನ ನಿರ್ಲಕ್ಷ್ಯ ಸಾಬೀತಾಗದೆ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಹೊಣೆಯಾಗುವುದಿಲ್ಲ ಎಂದು ಅಭಿಪ್ರಾಯಪಟ್ಟಿತು. ಸಾಕ್ಷಿಗಳಿಲ್ಲದ ಹೆದ್ದಾರಿಯಲ್ಲಿ ಸತ್ತವನ ಕುಟುಂಬಕ್ಕೆ ಇದು ಕಠಿಣವಾದ ನಿಯಮವಾಗಿತ್ತು. 1982ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ತಪ್ಪು ಯಾರದೆಂದು ನೋಡದೆ ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ನೀಡಬೇಕೆಂದು ವಿಧಿಸಲಾಯಿತು. 1988ರ ಕಾಯ್ದೆಯು 1989ರ ಜುಲೈ 1ರಂದು ಜಾರಿಗೆ ಬಂದಿತು. 2019ರ ತಿದ್ದುಪಡಿಯ ಪರಿಹಾರ ಸಂಬಂಧಿ ಭಾಗವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗಿನ ಕಲಂ 164ರ ಪ್ರಕಾರ ನಿರ್ಲಕ್ಷ್ಯವನ್ನು ಸಾಬೀತುಪಡಿಸದೆಯೇ ಮರಣಕ್ಕೆ 5 ಲಕ್ಷ ರೂಪಾಯಿ ಮತ್ತು ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಅದಕ್ಕಿಂತ ಹೆಚ್ಚಿನ ಮೊತ್ತ ಬೇಕಾದವರು ಕಲಂ 166ರ ಅಡಿಯಲ್ಲಿ ಅರ್ಜಿ ಸಲ್ಲಿಸಿ ನಿರ್ಲಕ್ಷ್ಯವನ್ನು ತೋರಿಸಬೇಕು.

ಹೊಣೆ ಯಾರದು

ಕೆಲಸದ ವೇಳೆಯಲ್ಲಿ ಚಾಲಕ ಮಾಡಿದ ತಪ್ಪಿಗೆ ಅವನನ್ನು ನೇಮಿಸಿದ ಮಾಲೀಕನೂ ಹೊಣೆಗಾರ. ಆದ್ದರಿಂದ ಅರ್ಜಿಯಲ್ಲಿ ಸಾಮಾನ್ಯವಾಗಿ ಲಾರಿಯ ಮಾಲೀಕ ಮತ್ತು ವಿಮಾ ಕಂಪನಿಯನ್ನು, ಹಲವು ಬಾರಿ ಚಾಲಕನನ್ನೂ, ಪ್ರತಿವಾದಿಗಳನ್ನಾಗಿ ಮಾಡಲಾಗುತ್ತದೆ. ಲಾರಿಗಳು ಕೈ ಬದಲಾಗುವುದು ಸಾಮಾನ್ಯ. ದಾಖಲೆ ವರ್ಗಾವಣೆ ಮಾತ್ರ ತಿಂಗಳುಗಟ್ಟಲೆ ಬಾಕಿ ಉಳಿದಿರುತ್ತದೆ. ನವೀನ್ ಕುಮಾರ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯವು, ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮೂರನೆಯ ವ್ಯಕ್ತಿಗಳ ಎದುರಿನಲ್ಲಿ ಮಾಲೀಕರು ಎಂದು ಹೇಳಿತು. ಗಾಯಾಳುವು ಮಾರಾಟದ ಸರಪಳಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಾಲದ ಮೇಲೆ ಖರೀದಿಸಿದ ಲಾರಿಯಾದರೆ ಹಣಕಾಸು ಸಂಸ್ಥೆಯಲ್ಲ, ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡು ಓಡಿಸುವ ಸಾಲಗಾರನೇ ಕಾಯ್ದೆಯ ಅರ್ಥದಲ್ಲಿ ಮಾಲೀಕ.

ಮೂರನೆಯ ವ್ಯಕ್ತಿಯ ವಿಮೆಯನ್ನು ಕಲಂ 146 ಕಡ್ಡಾಯಗೊಳಿಸಿದೆ. ವಿಮೆಯಿಲ್ಲದ ಲಾರಿ ಡಿಕ್ಕಿ ಹೊಡೆದರೆ ಮಾಲೀಕನೇ ಸ್ವಂತ ಆಸ್ತಿಯಿಂದ ಪರಿಹಾರ ಕೊಡಬೇಕು. ಒಂದೇ ಲಾರಿಯ ಸಣ್ಣ ಮಾಲೀಕನಿಂದ ದೊಡ್ಡ ಮೊತ್ತವನ್ನು ವಸೂಲು ಮಾಡುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ನಿರ್ಲಕ್ಷ್ಯದ ಸಾಬೀತು

ಪರಿಹಾರದ ವಿಚಾರಣೆ ಕ್ರಿಮಿನಲ್ ಮೊಕದ್ದಮೆಯಲ್ಲ. ಚಾಲಕನ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ ಕಲಂ 281, 125 ಮತ್ತು ಮರಣ ಸಂಭವಿಸಿದಾಗ 106(1)ರ ಅಡಿಯಲ್ಲಿ ಪ್ರತ್ಯೇಕ ಪ್ರಕರಣ ನಡೆಯುತ್ತದೆ. 2024ರ ಜುಲೈ 1ಕ್ಕೆ ಮೊದಲಿನ ಘಟನೆಗಳಿಗೆ ಭಾರತೀಯ ದಂಡ ಸಂಹಿತೆಯ 279, 337, 338 ಮತ್ತು 304-ಎ ಕಲಂಗಳು ಅನ್ವಯಿಸುತ್ತವೆ. ಅಲ್ಲಿ ಸಂದೇಹಾತೀತವಾದ ಸಾಬೀತು ಬೇಕು. ನ್ಯಾಯಮಂಡಳಿಯ ಮುಂದೆ ಸಂಭವನೀಯತೆಯ ಮೇಲುಗೈ ಸಾಕು. ಮಂಗ್ಲಾ ರಾಮ್ ಪ್ರಕರಣ (2018) ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಹೀಗಾಗಿ ಚಾಲಕನು ಕ್ರಿಮಿನಲ್ ಪ್ರಕರಣದಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ.

ಪ್ರಾಯೋಗಿಕವಾಗಿ ನ್ಯಾಯಮಂಡಳಿಗಳು ಅವಲಂಬಿಸುವುದು ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ ಹಾಗೂ ದೋಷಾರೋಪಣ ಪಟ್ಟಿಯನ್ನು. ಇವುಗಳಲ್ಲಿ ನಕ್ಷೆಗೆ ಜನರು ಕೊಡುವ ಗಮನ ಕಡಿಮೆ, ಆದರೆ ಅದರ ಬೆಲೆ ಹೆಚ್ಚು. ಲಾರಿ ರಸ್ತೆಯ ಯಾವ ಬದಿಯಲ್ಲಿ ನಿಂತಿತ್ತು, ಬ್ರೇಕಿನ ಗುರುತು ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ನಂತರದ ಪಾಟೀಸವಾಲು ಹೆಚ್ಚಾಗಿ ಅದರ ಸುತ್ತಲೇ ನಡೆಯುತ್ತದೆ. ಗಾಯಾಳುವು ಮೊದಲು ದಾಖಲಾದ ಆಸ್ಪತ್ರೆಯ ವೈದ್ಯಕೀಯ-ಕಾನೂನು ನೋಂದಣಿಯಲ್ಲಿ ಗಾಯದ ಕಾರಣ ಏನೆಂದು ಬರೆದಿದೆ ಎಂಬುದೂ ಅಷ್ಟೇ ಮುಖ್ಯ. ಅಲ್ಲಿ "ಬೈಕಿನಿಂದ ಬಿದ್ದು" ಎಂದು ದಾಖಲಾಗಿ, ದಿನಗಳ ನಂತರದ ದೂರಿನಲ್ಲಿ ಲಾರಿಯ ಸಂಖ್ಯೆ ಕಾಣಿಸಿಕೊಂಡರೆ ವಿಮಾ ಕಂಪನಿಯು ಅದನ್ನು ಸುಳ್ಳು ಪ್ರಕರಣವೆಂದು ವಾದಿಸುತ್ತದೆ.

ರಸ್ತೆಯಲ್ಲಿ ದೀಪವಿಲ್ಲದೆ ನಿಲ್ಲಿಸಿದ ಲಾರಿಗೆ ಹಿಂದಿನಿಂದ ವಾಹನ ಬಡಿಯುವ ಪ್ರಕರಣಗಳು ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಅಪಾಯಕರ ಸ್ಥಿತಿಯಲ್ಲಿ ವಾಹನ ನಿಲ್ಲಿಸುವುದನ್ನು ಕಲಂ 122 ನಿಷೇಧಿಸುತ್ತದೆ. ಅರ್ಚಿತ್ ಸೈನಿ ಪ್ರಕರಣದಲ್ಲಿ (2018) ಸೂಚಕ ದೀಪಗಳಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಟ್ಯಾಂಕರಿಗೆ ಕಾರು ಬಡಿದಿತ್ತು. ಕಾರಿನ ಚಾಲಕನದೂ ತಪ್ಪಿದೆಯೆಂದು ಪರಿಹಾರ ಕಡಿತ ಮಾಡಿದ್ದ ಉಚ್ಚ ನ್ಯಾಯಾಲಯದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ಬದಿಗಿರಿಸಿತು. ಅತಿಭಾರ ಹೇರಿದ್ದು, ಸರಕು ಕವಚದಿಂದ ಹೊರಚಾಚಿದ್ದು ಸಹ ನಿರ್ಲಕ್ಷ್ಯಕ್ಕೆ ಪುರಾವೆಯಾಗಬಲ್ಲವು. ಇವೆರಡಕ್ಕೂ ಕಲಂ 194ರ ಅಡಿಯಲ್ಲಿ 20,000 ರೂಪಾಯಿ ದಂಡವಿದೆ. ಅತಿಭಾರಕ್ಕೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಸೇರುತ್ತದೆ.

ಗಾಯಾಳುವಿನದೇ ಭಾಗಶಃ ತಪ್ಪಿದ್ದರೆ ಅದನ್ನು ಅಂಶದಾಯಿ ನಿರ್ಲಕ್ಷ್ಯ ಎನ್ನುತ್ತಾರೆ. ಆಗ ಅವನ ತಪ್ಪಿನ ಪ್ರಮಾಣದಷ್ಟು ಪರಿಹಾರ ಕಡಿತವಾಗುತ್ತದೆ. ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವನಿಗೆ ಪೆಟ್ಟಾದರೆ ಅದು ಸಂಯುಕ್ತ ನಿರ್ಲಕ್ಷ್ಯ. ಖೇನ್ಯೇಯಿ ಪ್ರಕರಣದ (2015) ಪ್ರಕಾರ ಗಾಯಾಳುವು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಹಣವನ್ನು ಪಡೆಯಬಹುದು. ಹಂಚಿಕೆ ಅವರವರ ನಡುವಿನ ವಿಷಯ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಮೃತಪಟ್ಟರು. ಬೇರೊಂದು ವಾಹನವನ್ನು ತಪ್ಪಿಸಲು ಹೋಗಿ ನಿಯಂತ್ರಣ ತಪ್ಪಿತು ಎಂಬ ವಾದ ಬರುವ ಇಂತಹ ಸನ್ನಿವೇಶಗಳಲ್ಲಿ ಈ ತತ್ತ್ವದ ಮಹತ್ವ ತಿಳಿಯುತ್ತದೆ. ಆ ಬೇರೊಂದು ವಾಹನ ಪತ್ತೆಯಾಗದಿದ್ದರೂ ಅಪಘಾತದಲ್ಲಿ ಪಾಲುಳ್ಳ ಲಾರಿಯ ವಿರುದ್ಧ ಅರ್ಜಿ ನಿಲ್ಲುತ್ತದೆ.

ವಿಮಾ ಕಂಪನಿಯ ಆಕ್ಷೇಪಗಳು

ವಿಮಾ ಕಂಪನಿಯು ಕಾಯ್ದೆಯಲ್ಲಿ ಹೇಳಿರುವ ಕೆಲವೇ ಕಾರಣಗಳಿಗಾಗಿ ಹೊಣೆಯನ್ನು ನಿರಾಕರಿಸಬಹುದು. ಚಾಲಕನಿಗೆ ಸರಿಯಾದ ಪರವಾನಗಿ ಇರಲಿಲ್ಲ ಎಂಬುದು ಅವುಗಳಲ್ಲಿ ಅತಿ ಸಾಮಾನ್ಯವಾದುದು. ಸ್ವರ್ಣ ಸಿಂಗ್ ಪ್ರಕರಣದಲ್ಲಿ (2004) ಸರ್ವೋಚ್ಚ ನ್ಯಾಯಾಲಯವು, ಪರವಾನಗಿಯ ದೋಷವನ್ನು ತೋರಿಸಿದರೆ ಸಾಲದು, ಮಾಲೀಕನೂ ಅದರಲ್ಲಿ ಅಜಾಗರೂಕನಾಗಿದ್ದನೆಂದು ಕಂಪನಿಯೇ ಸಾಬೀತುಪಡಿಸಬೇಕು ಎಂದಿತು. ಸಾಬೀತಾದಾಗಲೂ ಕಂಪನಿಯು ಮೊದಲು ಗಾಯಾಳುವಿಗೆ ಹಣ ಪಾವತಿಸಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವ ಪದ್ಧತಿ ಬೆಳೆದಿದೆ. ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ (2018) ಪರ್ಮಿಟ್ ಇಲ್ಲದೆ ಲಾರಿ ಓಡಿಸಿದ್ದನ್ನು ಮೂಲಭೂತ ಉಲ್ಲಂಘನೆ ಎಂದು ಪರಿಗಣಿಸಿ ಇದೇ ಕ್ರಮವನ್ನು ಎತ್ತಿಹಿಡಿಯಲಾಯಿತು.

ಲಘು ಮೋಟಾರು ವಾಹನದ ಪರವಾನಗಿ ಹೊಂದಿದವನು ಸಣ್ಣ ಸರಕು ವಾಹನವನ್ನು ಓಡಿಸಬಹುದೇ ಎಂಬ ಪ್ರಶ್ನೆ ವರ್ಷಗಳ ಕಾಲ ವಿವಾದದಲ್ಲಿತ್ತು. ತರಕಾರಿ, ಹೂವು, ಗ್ಯಾಸ್ ಸಿಲಿಂಡರ್ ಹಂಚುವ ಚಿಕ್ಕ ಗೂಡ್ಸ್ ವಾಹನಗಳೇ ತುಂಬಿರುವ ಮಲ್ಲೇಶ್ವರಂ, ಬಸವನಗುಡಿಗಳಂತಹ ಹಳೆಯ ಬಡಾವಣೆಗಳಿಗೆ ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಸಂವಿಧಾನ ಪೀಠವು, ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಆ ಪರವಾನಗಿಯೇ ಸಾಕು ಎಂದು ತೀರ್ಮಾನಿಸಿತು. ಅದಕ್ಕಿಂತ ದೊಡ್ಡ ಲಾರಿಗೆ ಪ್ರತ್ಯೇಕ ಪರವಾನಗಿ ಬೇಕೇ ಬೇಕು.

ಸರಕಿನ ಜೊತೆ ಪ್ರಯಾಣಿಸುವವರು

2025ರ ಜನವರಿ 22ರಂದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಲಾರಿಯೊಂದು ಕಣಿವೆಗೆ ಉರುಳಿ ಹತ್ತು ಮಂದಿ ಮೃತಪಟ್ಟರು. ಅವರು ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾದ ಸಂತೆಗೆ ತರಕಾರಿ, ಹಣ್ಣುಗಳೊಂದಿಗೆ ಹೊರಟಿದ್ದ ವ್ಯಾಪಾರಿಗಳು. ಕರ್ನಾಟಕದ ಸಂತೆ ವ್ಯಾಪಾರದಲ್ಲಿ ಇಂತಹ ಪ್ರಯಾಣ ದಿನನಿತ್ಯದ ಸಂಗತಿ. ಕಾನೂನು ಮಾತ್ರ ಇದನ್ನು ಬಿಗಿಯಾದ ಕಣ್ಣಿನಿಂದ ನೋಡುತ್ತದೆ.

ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಅಥವಾ ಬಾಡಿಗೆ ಕೊಟ್ಟು ಕುಳಿತ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ (2003) ತೀರ್ಮಾನವಾಗಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ರಕ್ಷಣೆ ದೊರೆಯಿತು. ಅಷ್ಟಕ್ಕೇ ಮುಗಿಯಲಿಲ್ಲ: ಚೊಲ್ಲೇಟಿ ಭಾರತಮ್ಮ ಪ್ರಕರಣವು ಸರಕಿನ ಮಾಲೀಕನು ಚಾಲಕನ ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂದು ಅರ್ಥೈಸಿತು. ಮೂಟೆಗಳ ಮೇಲೆ ಕುಳಿತು ಹೋಗುವ ರೈತ ಅಥವಾ ವ್ಯಾಪಾರಿಯ ಕುಟುಂಬವು ಅವನು ಸರಕಿನ ಮಾಲೀಕನೆಂದು ಸಾಬೀತುಪಡಿಸಿದರೂ ಈ ಎರಡನೆಯ ಅಡ್ಡಿಯನ್ನು ಎದುರಿಸಬೇಕಾಗುತ್ತದೆ. ಆಗ ಉಳಿಯುವುದು ಲಾರಿ ಮಾಲೀಕನ ವೈಯಕ್ತಿಕ ಹೊಣೆ, ಇಲ್ಲವೇ ಮೊದಲು ಪಾವತಿಸಿ ನಂತರ ವಸೂಲು ಮಾಡಲು ವಿಮಾ ಕಂಪನಿಗೆ ನ್ಯಾಯಾಲಯ ನೀಡಬಹುದಾದ ನಿರ್ದೇಶನ.

ಅರ್ಜಿ ಎಲ್ಲಿ, ಯಾವಾಗ

ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವೃತ್ತಿ ನಡೆಸುವ ಸ್ಥಳ, ಪ್ರತಿವಾದಿ ವಾಸಿಸುವ ಸ್ಥಳ ಇವುಗಳಲ್ಲಿ ಯಾವುದಾದರೂ ಒಂದರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಮಲ್ಲೇಶ್ವರಂನ ನಿವಾಸಿಯೊಬ್ಬರು ಶಿರಾ ಬಳಿ ಅಥವಾ ತಮಿಳುನಾಡಿನ ಕೃಷ್ಣಗಿರಿಯಲ್ಲಿ ಲಾರಿಯ ಡಿಕ್ಕಿಗೆ ಒಳಗಾದರೂ ಬೆಂಗಳೂರಿನಲ್ಲಿಯೇ ಅರ್ಜಿ ಹಾಕಬಹುದು. ಲಾರಿ ನಾಗಾಲ್ಯಾಂಡಿನಲ್ಲಿ ನೋಂದಣಿಯಾಗಿದ್ದರೂ ಅಡ್ಡಿಯಿಲ್ಲ.

ಕಾಲಮಿತಿಯ ಇತಿಹಾಸ ಏರುಪೇರಿನದು. 1988ರ ಕಾಯ್ದೆಯಲ್ಲಿದ್ದ ಆರು ತಿಂಗಳ ಗಡುವನ್ನು 1994ರಲ್ಲಿ ತೆಗೆದುಹಾಕಲಾಯಿತು. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. ಕಾಲು ಮುರಿದು ಎರಡು-ಮೂರು ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಆರು ತಿಂಗಳು ಆಸ್ಪತ್ರೆಯಲ್ಲಿಯೇ ಕಳೆದುಹೋಗುತ್ತದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು ಮಧ್ಯಂತರ ಆದೇಶ ನೀಡಿತು. ಇದು ಅಂತಿಮ ತೀರ್ಪಲ್ಲವಾದ್ದರಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದೇ ಸುರಕ್ಷಿತ.

2022ರ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳೊಳಗೆ ನ್ಯಾಯಮಂಡಳಿಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಸಲ್ಲಿಸಬೇಕು. ಆ ವರದಿಯನ್ನೇ ನ್ಯಾಯಮಂಡಳಿಯು ಅರ್ಜಿಯೆಂದು ಪರಿಗಣಿಸಬಹುದು. ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ (2022) ಈ ನಿಯಮಗಳನ್ನು ದೇಶದಾದ್ಯಂತ ಪಾಲಿಸಲು ನಿರ್ದೇಶನ ನೀಡಲಾಗಿದೆ.

ಪರಿಹಾರದ ಲೆಕ್ಕ

ಮರಣದ ಪ್ರಕರಣಗಳಲ್ಲಿ ಲೆಕ್ಕಾಚಾರವನ್ನು ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳು ಏಕರೂಪಗೊಳಿಸಿವೆ. ಮೃತರ ಆದಾಯಕ್ಕೆ ಭವಿಷ್ಯದ ಏಳಿಗೆಯ ಪಾಲನ್ನು ಸೇರಿಸಿ, ಸ್ವಂತ ಖರ್ಚನ್ನು ಕಳೆದು, ಉಳಿದ ವಾರ್ಷಿಕ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. ಗುಣಕವು 15ರಿಂದ 25 ವರ್ಷದವರಿಗೆ 18, 31ರಿಂದ 35ರವರಿಗೆ 16, 41ರಿಂದ 45ರವರಿಗೆ 14, 56ರಿಂದ 60ರವರಿಗೆ 9. 65 ದಾಟಿದವರಿಗೆ 5.

ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ದುಡಿಯುವ 32 ವರ್ಷದ ಹೂವಿನ ವ್ಯಾಪಾರಿ ಯಶವಂತಪುರದ ಬಳಿ ಲಾರಿಗೆ ಸಿಲುಕಿ ಮೃತಪಟ್ಟರೆಂದು ಭಾವಿಸೋಣ. ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ಅವಲಂಬಿತರು. ಸ್ವಂತ ಉದ್ಯೋಗದವರಿಗೆ 40 ವರ್ಷದೊಳಗೆ ಶೇ. 40ರಷ್ಟು ಭವಿಷ್ಯದ ಏಳಿಗೆ ಸೇರಿ ಆದಾಯ 21,000 ರೂಪಾಯಿ ಆಗುತ್ತದೆ. ನಾಲ್ವರು ಅವಲಂಬಿತರಿರುವುದರಿಂದ ಕಾಲು ಭಾಗ ಕಳೆದು 15,750; ವರ್ಷಕ್ಕೆ 1,89,000; ಗುಣಕ 16ರಿಂದ ಗುಣಿಸಿದರೆ 30,24,000 ರೂಪಾಯಿ. ಇದಕ್ಕೆ ಸಾಂಗತ್ಯ ನಷ್ಟಕ್ಕಾಗಿ ತಲಾ 40,000, ಆಸ್ತಿ ನಷ್ಟಕ್ಕೆ 15,000 ಮತ್ತು ಅಂತ್ಯಕ್ರಿಯೆಗೆ 15,000 ಸೇರಿದರೆ ಒಟ್ಟು 32,14,000 ರೂಪಾಯಿ. ಈ ಕೊನೆಯ ಮೊತ್ತಗಳು 2017ರ ದರಗಳು; ಪ್ರತಿ ಮೂರು ವರ್ಷಕ್ಕೊಮ್ಮೆ ಶೇ. 10ರಷ್ಟು ಏರುತ್ತವೆ. ಮಕ್ಕಳಿಗೂ ತಂದೆತಾಯಿಗೂ ಸಾಂಗತ್ಯ ನಷ್ಟದ ಹಕ್ಕಿದೆಯೆಂದು ನಾನು ರಾಮ್ ಪ್ರಕರಣ (2018) ಹೇಳಿದೆ. ಕಲಂ 164ರ 5 ಲಕ್ಷಕ್ಕೂ ಈ ಮೊತ್ತಕ್ಕೂ ಇರುವ ಅಂತರವನ್ನು ಗಮನಿಸಿದರೆ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಶ್ರಮ ಏಕೆ ಸಾರ್ಥಕವೆಂಬುದು ತಿಳಿಯುತ್ತದೆ.

ಆದಾಯದ ದಾಖಲೆಯಿಲ್ಲದವರೇ ಇಂತಹ ಅರ್ಜಿಗಳಲ್ಲಿ ಬಹಳ. ಕರ್ನಾಟಕದಲ್ಲಿ ಇಂತಹವರಿಗೆ ಅಪಘಾತದ ವರ್ಷವನ್ನು ಆಧರಿಸಿದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಲೋಕ ಅದಾಲತ್‌ಗಳೂ ನ್ಯಾಯಾಲಯಗಳೂ ಬಳಸುತ್ತವೆ. ಇದೇ ರಾಜ್ಯದಿಂದ ಹೋದ ರಾಮಚಂದ್ರಪ್ಪ ಪ್ರಕರಣದಲ್ಲಿ (2011) ಕೂಲಿ ಕಾರ್ಮಿಕರೊಬ್ಬರು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂದು ಹೇಳಿದ್ದನ್ನು ನ್ಯಾಯಮಂಡಳಿ 3,000ಕ್ಕೆ ಇಳಿಸಿತ್ತು. ಕೂಲಿಯವರಿಂದ ದಾಖಲೆ ನಿರೀಕ್ಷಿಸುವುದು ಸಾಧುವಲ್ಲವೆಂಬ ನಿಲುವಿನಿಂದ ಸರ್ವೋಚ್ಚ ನ್ಯಾಯಾಲಯವು ಅವರ ಮಾತನ್ನೇ ಒಪ್ಪಿತು.

ಗಾಯಾಳುಗಳ ಪ್ರಕರಣ

ಗಾಯಾಳುವಿಗೆ ಚಿಕಿತ್ಸೆಯ ವೆಚ್ಚ, ಓಡಾಟ ಮತ್ತು ಪೌಷ್ಟಿಕ ಆಹಾರದ ಖರ್ಚು, ಆರೈಕೆಯವರ ವೆಚ್ಚ, ಮಲಗಿದ್ದ ಅವಧಿಯ ಆದಾಯ ನಷ್ಟ, ಮುಂದಿನ ಚಿಕಿತ್ಸೆ, ನೋವು ಮತ್ತು ಯಾತನೆ, ಬದುಕಿನ ಸೌಖ್ಯದ ನಷ್ಟ ಹಾಗೂ ಮುಂದಿನ ಗಳಿಕೆಯ ನಷ್ಟ ಎಂಬ ಶೀರ್ಷಿಕೆಗಳಲ್ಲಿ ಪರಿಹಾರ ನಿಗದಿಯಾಗುತ್ತದೆ. ರಾಜ್ ಕುಮಾರ್ ಪ್ರಕರಣದ (2011) ಪ್ರಕಾರ ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಒಂದು, ಅದರಿಂದ ಗಳಿಕೆಗೆ ಆಗುವ ನಷ್ಟ ಇನ್ನೊಂದು. ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು. ಅದೇ ಗಾಯವಾದ ಗುಮಾಸ್ತನು ಕೆಲಸದಲ್ಲಿ ಮುಂದುವರಿಯಬಹುದು. ಕರ್ನಾಟಕದ ಸೈಯದ್ ಸಾದಿಕ್ ಪ್ರಕರಣದಲ್ಲಿ (2014) ಕಾಲು ಕಳೆದುಕೊಂಡ ಯುವ ತರಕಾರಿ ವ್ಯಾಪಾರಿಯ ಗಳಿಕೆಯ ನಷ್ಟವನ್ನು ಶೇ. 85 ಎಂದು ಪರಿಗಣಿಸಲಾಯಿತು. ಗಾಯಾಳು ಬದುಕಿರುವುದರಿಂದ ಇಲ್ಲಿ ಸ್ವಂತ ಖರ್ಚಿನ ಕಡಿತವಿಲ್ಲ. ಅಂಗವೈಕಲ್ಯದ ಬಗ್ಗೆ ವೈದ್ಯರ ಸಾಕ್ಷ್ಯ ಅತ್ಯಗತ್ಯ. ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡ ಅರ್ಜಿದಾರರೂ ಈ ಸಾಕ್ಷ್ಯವಿಲ್ಲದೆ ದೊಡ್ಡ ಮೊತ್ತವನ್ನು ಕಳೆದುಕೊಳ್ಳುವುದುಂಟು.

ಚಾಲಕ ಮತ್ತು ಕ್ಲೀನರ್

ತನ್ನದೇ ತಪ್ಪಿನಿಂದ ಪೆಟ್ಟಾದ ಲಾರಿ ಚಾಲಕನು ಕಲಂ 166ರ ಅಡಿಯಲ್ಲಿ ಪರಿಹಾರ ಪಡೆಯಲಾರ. ಅವನಿಗೂ ಕ್ಲೀನರಿಗೂ ಉದ್ಯೋಗಿಗಳ ಪರಿಹಾರ ಕಾಯ್ದೆ, 1923ರ ದಾರಿಯಿತ್ತು. ಅದರ ವಿಷಯಗಳು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿವೆ. ಅಲ್ಲಿ ನಿರ್ಲಕ್ಷ್ಯದ ಪ್ರಶ್ನೆಯಿಲ್ಲ. ಕೆಲಸದ ಸಂದರ್ಭದಲ್ಲಿ ಗಾಯವಾಗಿದ್ದರೆ ಸಾಕು. ಎರಡೂ ದಾರಿಗಳು ತೆರೆದಿರುವ ಪ್ರಕರಣದಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಡಿಕ್ಕಿ ಹೊಡೆದು ಪರಾರಿಯಾದ ಲಾರಿ

ವಾಹನದ ಗುರುತು ಸಿಗದಿದ್ದರೆ ಕಲಂ 161ರ ಅಡಿಯಲ್ಲಿ ಮರಣಕ್ಕೆ 2 ಲಕ್ಷ ಮತ್ತು ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಇದನ್ನು ನ್ಯಾಯಮಂಡಳಿಯಲ್ಲ, ಕಂದಾಯ ಅಧಿಕಾರಿಗಳ ವಿಚಾರಣೆಯ ಮೇಲೆ ಜಿಲ್ಲಾಡಳಿತವು ಮಂಜೂರು ಮಾಡುತ್ತದೆ. ಅಪಘಾತದ ನಂತರ ವರದಿ ಮಾಡದೆ ಪರಾರಿಯಾಗುವ ಚಾಲಕನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ನ್ಯಾಯ ಸಂಹಿತೆಯ ಕಲಂ 106(2)ರ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ನಡೆಸಿದರು. ಸಂಹಿತೆಯ ಉಳಿದ ಭಾಗ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು.

ತುರ್ತು ಚಿಕಿತ್ಸೆ

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಲಾರಿಯ ಡಿಕ್ಕಿಗೆ ಸಿಲುಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕರು ಪ್ರಾಣ ಹೋಗುವ ಮುನ್ನ ತಮ್ಮ ಅಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅವರ ನೆನಪಿನಲ್ಲಿ ಕರ್ನಾಟಕ ಸರ್ಕಾರವು ಅದೇ ವರ್ಷ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತಗೊಳಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಿದೆ.

ಪಾವತಿ ಮತ್ತು ಮೇಲ್ಮನವಿ

ನ್ಯಾಯಮಂಡಳಿಯು ಸಾಮಾನ್ಯವಾಗಿ ಅರ್ಜಿಯ ದಿನಾಂಕದಿಂದ ಬಡ್ಡಿ ಸಹಿತ ಪರಿಹಾರವನ್ನು ನೀಡುತ್ತದೆ. ಸೂಸಮ್ಮ ಥಾಮಸ್ ಪ್ರಕರಣದ (1994) ಮಾರ್ಗಸೂಚಿಯಂತೆ ಅಪ್ರಾಪ್ತರ ಪಾಲನ್ನು ಪೂರ್ತಿಯಾಗಿಯೂ, ಓದುಬರಹ ಬಾರದ ಅರ್ಜಿದಾರರ ಪಾಲಿನ ಹೆಚ್ಚಿನ ಭಾಗವನ್ನೂ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಲಾಗುತ್ತದೆ. ಹಣ ಮಧ್ಯವರ್ತಿಗಳ ಕೈಸೇರದಂತೆ ತಡೆಯುವುದು ಇದರ ಉದ್ದೇಶ. ತೀರ್ಪಿನಿಂದ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತ 1 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಅವಕಾಶವಿಲ್ಲ. ಪರಿಹಾರ ಕೊಡಬೇಕಾದವರು ಮೇಲ್ಮನವಿ ಹೂಡುವಾಗ 25,000 ರೂಪಾಯಿ ಅಥವಾ ಪರಿಹಾರದ ಅರ್ಧದಲ್ಲಿ ಕಡಿಮೆಯಿರುವುದನ್ನು ಠೇವಣಿ ಇಡಬೇಕು. ಪರಿಹಾರ ಸಾಲದೆಂದು ಗಾಯಾಳುಗಳು ಸಲ್ಲಿಸುವ ಮೇಲ್ಮನವಿಗೆ ಈ ಠೇವಣಿ ಬೇಕಾಗಿಲ್ಲ.